ಎಂಟು ಚೌಕದ ಟಿವಿ

ಟಕ್ ಎಂದು ಒಂದು ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ ಇರಬೇಕು. ನಾನು ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ. ಆ ಸದ್ದಿಗಾಗಿಯೇ ಕಾಯುತ್ತಿದ್ದೆ ಎಂದರೂ ತಪ್ಪಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಟಕ್, ಮೊದಲಿನದಕ್ಕಿಂತ ಮೆತ್ತಗೆ. ಪಡಸಾಲೆಯ ತೊಲೆಗೆ ಪ್ಲಾಸ್ಟಿಕ್ ತಾಗುವ ಸದ್ದು ಅದು.

“ಎರಡು ರಿಮೋಟೂ ಹೋದ್ವು,” ಎಂದು ಪಕ್ಕದ ಮಂಚದಿಂದ ಸರ್ವಮಂಗಳತ್ತೆ ಹೇಳಿದರು. ಅವರಿಗೂ ನಿದ್ದೆ ಬಂದಿರಲಿಲ್ಲ. “ಇನ್ನು ಡಬ್ಬಿ ಹೋಗುತ್ತೆ. ಆಮೇಲೆ ಟಿವಿ. ಬೇಕಾದ್ರೆ ಎಣಿಸು.”

ನಾನು ಎಣಿಸಲಿಲ್ಲ. ಎದ್ದು ಪಡಸಾಲೆಗೆ ಹೋಗಿ ದೀಪ ಹಾಕಿದೆ. ಅಂದು ಬೆಳಿಗ್ಗೆಯಷ್ಟೇ ನಾನು ಅತ್ತೆಯ ಮನೆಗೆ ತಂದು ಜೋಡಿಸಿದ್ದ ಟಿವಿ ಸ್ಟೂಲು ಬಿಟ್ಟು ಒಂದು ಗೇಣು ಮೇಲೆ ನಿಂತಿತ್ತು, ವೈರು ಬಿಗಿದುಕೊಂಡು. ಎರಡು ರಿಮೋಟುಗಳು ತೊಲೆಯ ಸಂದಿಯಲ್ಲಿ ಬಾವಲಿಗಳ ಹಾಗೆ ಅಂಟಿಕೊಂಡಿದ್ದವು. ನಾನು ಒಳಗೆ ಕಾಲಿಟ್ಟೊಡನೆ ಎಲ್ಲವೂ, ಮೇಷ್ಟ್ರು ಬಂದರೆಂದು ಜಾಗಕ್ಕೆ ಮರಳುವ ಮಕ್ಕಳಂತೆ, ಮೆಲ್ಲಗೆ ಕೆಳಗಿಳಿದವು.

ನಮ್ಮೂರಿನಲ್ಲಿ ತಿಳಿಯದ ವಸ್ತು ನೆಲದ ಮೇಲೆ ನಿಲ್ಲುವುದಿಲ್ಲ. ವಸ್ತು ಯಾರದೋ ಅವರಿಗೆ ತಿಳಿದಿದ್ದರೆ ಇಟ್ಟಲ್ಲಿ ಇರುತ್ತದೆ. ಅವರಿಗೆ ತಿಳಿಯದಿದ್ದರೆ, ತಿಳಿದವರೊಬ್ಬರು ಅದೇ ಕೋಣೆಯಲ್ಲಿ ಇರಬೇಕು. ಅವರು ಎದ್ದು ಹೋದರೆ ಅದೂ ಏಳುತ್ತದೆ. ಇದಕ್ಕೆ ಹೊಂದಿಕೊಂಡೇ ನಾವು ಬದುಕಿದ್ದೇವೆ. ನಾನು ಗ್ರಂಥಪಾಲಕಿಯಾಗಿರುವ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಕಪಾಟಿಗೆ ಮೀನಿನ ಬಲೆ ಕಟ್ಟಿದ್ದೇವೆ. ಇಂಟರ್ನೆಟ್ಟಿನ ಡಬ್ಬಿಯನ್ನು ಊರಿನವರೆಲ್ಲ ಸೂರಿಗೆ ತಾಗಿಸಿಯೇ ಹೊಡೆಸುತ್ತಾರೆ, ಎದ್ದರೂ ಯಾರಿಗೂ ಕಾಣಬಾರದೆಂದು. ವಾಷಿಂಗ್ ಮೆಷಿನ್ ಕೊಂಡವರು ಬಟ್ಟೆ ಒಗೆಯುವ ದಿನ ತೂಕದವರನ್ನು ಕರೆಸುತ್ತಾರೆ. ತೂಕದವರೆಂದರೆ ಯಂತ್ರಗಳ ಮರ್ಮ ಬಲ್ಲ ನಾಲ್ಕೈದು ಮಂದಿ, ಹೆಚ್ಚಾಗಿ ನಿವೃತ್ತ ಲೈನ್‌ಮನ್‌ಗಳು. ಬಂದು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಯಂತ್ರ ನೆಲದ ಮೇಲೆ ಇರುತ್ತದೆ. ಅವರ ಕೆಲಸ ಅಷ್ಟೇ. ಯಾರ ಮನೆಯಲ್ಲಾದರೂ ಏನಾದರೂ ಎದ್ದಿದೆ ಎಂದರೆ ಅದು ನಾಚಿಕೆಯ ಮಾತು. ನೆಂಟರು ಬರುವ ದಿನ ಅದಕ್ಕೆ ಹಗ್ಗ ಬಿಗಿದು ಮೇಲೊಂದು ಬಟ್ಟೆ ಹೊದಿಸುತ್ತಾರೆ. ನೆಂಟರು ನೋಡದವರ ಹಾಗೆ ಉಪ್ಪಿಟ್ಟು ತಿಂದು ಹೊರಗೆ ಹೋಗಿ ಬೀದಿಗೆಲ್ಲ ಹೇಳುತ್ತಾರೆ.

ಸರ್ವಮಂಗಳತ್ತೆ ನನ್ನ ತಂದೆಯ ತಂಗಿ. ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿದ್ದವರು. ಮದುವೆ ಬೇಡವೆಂದು ಮೊದಲೇ ಹೇಳಿ, ಶಾಲೆಯ ಮೈದಾನದ ಎದುರಿಗೇ ಒಂದು ಬಾಡಿಗೆ ಮನೆ ಹಿಡಿದರು. ನಿವೃತ್ತರಾದ ಮೇಲೂ ಅಲ್ಲೇ ಇದ್ದಾರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತು ಹೊಸ ಡ್ರಿಲ್ ಮೇಡಂಗೆ ತಪ್ಪುಗಳನ್ನು ಕೂಗಿ ಹೇಳುತ್ತಾರೆ. ಅವರ ಮನೆಯಲ್ಲಿ ಯಾವುದೂ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಒಲೆ, ಒಂದು ಮಿಕ್ಸಿ, ಒಂದು ಹಳೆಯ ಟಿವಿ, ಗುಂಡಿಗಳಿರುವ ಒಂದು ಫೋನು. ಎಲ್ಲವೂ ಬಂಡೆಯ ಹಾಗೆ ಕೂತಿದ್ದವು.

ಇದಕ್ಕೆಲ್ಲ ಕಾರಣ ಚೌಡೇಶ್ವರಿಯ ಫೋನು. ಚೌಡಿ ಎಂದರೆ ಅತ್ತೆ ಕಲಿಸಿದ ಕೊನೆಯ ತಂಡದ ಹುಡುಗಿ. ಖೋ ಖೋದಲ್ಲಿ ಕಂಬ ಹಿಡಿದು ಮೈ ಚಾಚಿ ಓಟಗಾರ್ತಿಯನ್ನು ಮುಟ್ಟುವ ವಿದ್ಯೆಯನ್ನು ಅತ್ತೆ ಅವಳಿಗೆ ಎರಡು ವರ್ಷ ಕಲಿಸಿದ್ದರು. ಈಗ ಅವಳು ರಾಜ್ಯದ ತಂಡದಲ್ಲಿದ್ದಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: ಮೇಡಂ, ಫೈನಲ್‌ಗೆ ಬಂದಿದ್ದೀವಿ, ಮುಂದಿನ ಭಾನುವಾರ ನಾಲ್ಕು ಗಂಟೆಗೆ. ಮೊಣಕಾಲು ಇನ್ನು ತಡೆಯಲ್ಲ ಅಂತಾರೆ ಡಾಕ್ಟರು, ಇದೇ ಕೊನೆ. ಯಾವ ಚಾನೆಲ್‌ನಲ್ಲೂ ಬರಲ್ಲ, ಇಂಟರ್ನೆಟ್ ಟಿವಿಯಲ್ಲಿ ಮಾತ್ರ. ನೀವು ಒಂದ್ಸಲಾನಾದ್ರೂ ನೋಡಬೇಕು.

ಅತ್ತೆ ಚೌಡಿಯ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು ಓದುತ್ತಿದ್ದರು. “ಆಮೇಲೆ ಯಾರಾದ್ರೂ ಮೊಬೈಲಲ್ಲಿ ತೋರಿಸ್ತಾರೆ ಬಿಡಿ,” ಎಂದು ನಾನೇ ಒಮ್ಮೆ ಅಂದು ಬೈಸಿಕೊಂಡಿದ್ದೆ. “ಗೆದ್ದೋರು ಯಾರು ಅಂತ ಗೊತ್ತಾದ ಮೇಲೆ ಆಟ ನೋಡೋದು ಉಂಡೆದ್ದ ಎಲೆ ನೋಡಿದ ಹಾಗೆ ಕಣೇ,” ಎಂದಿದ್ದರು.

ತೊಂದರೆಯೆಂದರೆ, ಆ ಭಾನುವಾರ ಮಧ್ಯಾಹ್ನ ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ನಾಲ್ಕೂವರೆಯವರೆಗೆ ಬಾಗಿಲು ತೆರೆಯುವಂತಿಲ್ಲ, ಫೋನು ಕಪಾಟಿನಲ್ಲಿ. ಅಂದರೆ ನಾಲ್ಕು ಗಂಟೆಗೆ ಅತ್ತೆ ಆ ಟಿವಿಯೊಂದಿಗೆ ಒಬ್ಬರೇ ಇರಬೇಕು. ತೂಕದವರನ್ನು ಕರೆಸೋಣವೆಂದೆ. ಅತ್ತೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ನನ್ನ ಹುಡುಗಿ ಆಟ ನೋಡಕ್ಕೆ ಇನ್ನೊಬ್ಬನ ತಲೆ ಬಾಡಿಗೆಗೆ ತರ್ಲಾ? ಅವನು ಮಧ್ಯ ಮಧ್ಯ ಕಬಡ್ಡಿ ವಾಸಿ ಅಂತಾನೆ. ಬೇಡ. ನಂಗೇ ತಿಳೀಬೇಕು, ನೀನು ತಿಳಿಸು.”

ನಾನು ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡಿ, ಬೀದಿಯ ತುದಿಯಿಂದ ಮತ್ತೆ ವಾಪಸ್ಸು ಬರುವವಳು. ಇಂಥವಳ ಕೈಗೆ ಈ ಕೆಲಸ ಬಿತ್ತು. ಆ ಮೊದಲ ಟಿವಿಗೆ ಒಂದು ಡಬ್ಬಿ, ಎರಡು ರಿಮೋಟು, ಎಂಬತ್ತೊಂದು ಗುಂಡಿಗಳು ಇದ್ದವು. ಎಣಿಸಿದ್ದೇನೆ. ಅದು ಎದ್ದ ರಾತ್ರಿ ನಾನು ಮತ್ತೆ ಮಲಗದೆ ಒಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಹಂತಗಳನ್ನು ದುಂಡಗೆ ಬರೆದೆ. ಯಾವ ಗುಂಡಿ, ಎಷ್ಟು ಸಲ, ಒತ್ತಿದರೆ ಏನು ಕಾಣಬೇಕು, ಕಾಣದಿದ್ದರೆ ಏನು. ಅತ್ತೆ ಎರಡು ದಿನದಲ್ಲಿ ಅದನ್ನು ಬಾಯಿಪಾಠ ಮಾಡಿ, ಅಟೆನ್ಷನ್‌ನಲ್ಲಿ ನಿಂತು, ಒಂದು ಅಕ್ಷರ ತಪ್ಪದೆ ಒಪ್ಪಿಸಿದರು. ನಾನು ಸಂತೋಷದಿಂದ ಹೊಸಿಲು ದಾಟಿ ಅಂಗಳಕ್ಕೆ ಹೋದೆ. ಹಿಂದೆಯೇ ಟಕ್, ಟಕ್. ಈ ಸಲ ನಾನು ಅತ್ತೆಗೆ ಬರೆದುಕೊಟ್ಟ ನೋಟ್‌ಬುಕ್ಕೂ ಎದ್ದಿತ್ತು.

“ಹದಿನಾಲ್ಕನ್ನೂ ಸರಿಯಾಗೇ ಹೇಳಿದ್ನಲ್ಲ?” ಎಂದು ಅತ್ತೆ ಒಳಗಿನಿಂದ ಕೇಳಿದರು.

“ಸರಿಯಾಗೇ ಹೇಳಿದ್ರಿ ಅತ್ತೆ.”

“ಮತ್ತೆ ಇದಕ್ಕೇನಂತೆ ಬೇನೆ?”

ಗುರುವಾರ ಸಂಜೆ ಆ ಟಿವಿಯನ್ನು ಆಟೋದಲ್ಲಿ ಇಬ್ಬರೂ ಅಪ್ಪಿ ಹಿಡಿದುಕೊಂಡು ಖಲಂದರನ ಅಂಗಡಿಗೆ ವಾಪಸ್ಸು ಒಯ್ದೆವು. ಖಲಂದರನಿಗೆ ಐವತ್ತು ವರ್ಷ. ಅವನ ತಂಗಿಯರಿಬ್ಬರೂ ಅತ್ತೆಯ ಕೈಯಲ್ಲಿ ಏಟು ತಿಂದವರು. ಅವನು ತಂಗಿಯರ ಊಟದ ಡಬ್ಬಿ ಕೊಡಲು ಶಾಲೆಗೆ ಹೋಗಿ, ಮೈದಾನದ ಮಧ್ಯೆ ನಡೆದನೆಂದು ಎರಡು ಸುತ್ತು ಓಡಿದವನು. ಅವನ ಅಂಗಡಿಯಲ್ಲಿ ಹೊಸ ಮಾಲು ಬಂದರೆ ಅವನು ಕೈಪಿಡಿ ಓದಿ ಮುಗಿಸುವವರೆಗೂ ಚಾವಣಿಯಲ್ಲೇ ಇರುತ್ತದೆ. ಓದಿದಂತೆ ಒಂದೊಂದೇ ಇಳಿಯುತ್ತವೆ. ಆವತ್ತು ಮೇಲೆ ಆರೇಳು ಪೆಟ್ಟಿಗೆಗಳಿದ್ದವು.

“ಈ ವಾರ ಕಣ್ಣುನೋವು ಮೇಡಂ, ಓದಕ್ಕಾಗಿಲ್ಲ,” ಎಂದು ನಾವು ಕೇಳುವ ಮೊದಲೇ ಹೇಳಿದ.

“ನಾನೇನೂ ಕೇಳಲಿಲ್ಲ. ಬೆನ್ನು ನೆಟ್ಟಗೆ ಮಾಡು,” ಎಂದರು ಅತ್ತೆ.

ನಮ್ಮೂರಿನಲ್ಲಿ ಅಂಗಡಿಯವರು ಮಾಲನ್ನು ವರ್ಣಿಸುವುದಿಲ್ಲ. ಕೊಳ್ಳುವವರ ಕೈಗೆ ಮಾಲು ಕೊಟ್ಟು, ತಾವು ಹೊರಗೆ ಬಂದು ಷಟರ್ ಅರ್ಧ ಎಳೆಯುತ್ತಾರೆ. ಐದು ನಿಮಿಷ ಕೊಳ್ಳುವವರು ಅದರ ಜೊತೆ ಒಬ್ಬರೇ. ಕೊಂಡರೂ ಕೊಳ್ಳದಿದ್ದರೂ ಆ ಐದು ನಿಮಿಷ ಅದು ಅವರದೇ ಎಂದು ಲೆಕ್ಕ. ನಾನು ಮತ್ತು ಖಲಂದರ ಷಟರಿನ ಕೆಳಗೆ ಬಗ್ಗಿ ನೋಡುತ್ತಾ ಕೂತೆವು. ಮೊದಲು ಎಲ್ಲವೂ ಒಳಗೇ ಇರುವ ದೊಡ್ಡ ಟಿವಿ. ಬೇರೆ ಡಬ್ಬಿ ಬೇಡ, ರಿಮೋಟು ಒಂದೇ. ಆದರೆ ಹಾಕಿದೊಡನೆ ಪರದೆಯ ತುಂಬ ನಲವತ್ತು ಚಿತ್ರಗಳು ಮಿಣುಕಿದವು, ಒಂದು ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಟಿವಿ ಮೊಳದಷ್ಟು ಎದ್ದಿತು. ಆಮೇಲೆ ಮಾತಾಡಿದರೆ ಕೇಳಿಸಿಕೊಳ್ಳುವ ರಿಮೋಟು. ಅತ್ತೆ ಅದಕ್ಕೆ “ಎಡಕ್ಕೆ ತಿರುಗು” ಎಂದರು. ಅದು ಯಾವುದೋ ಅಡುಗೆಯ ಕಾರ್ಯಕ್ರಮ ತೋರಿಸಿತು. ಅದು ಎದ್ದ ರಭಸಕ್ಕೆ ಫ್ಯಾನು ನಿಲ್ಲಿಸಬೇಕಾಯಿತು.

ಕೊನೆಗೆ ಖಲಂದರ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬೆರಳುದ್ದದ ಒಂದು ಕಡ್ಡಿ ತೆಗೆದ. ಅದನ್ನು ಒಂದು ಸಾದಾ ಟಿವಿಯ ಬೆನ್ನಿಗೆ ಸಿಕ್ಕಿಸಿದರೆ ಆಯಿತು. ರಿಮೋಟು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು: ಸುತ್ತ ಒಂದು ಬಳೆ, ನಡುವೆ ಒಂದು ಗುಂಡಿ, ಕೆಳಗೆ ಹಿಂದಕ್ಕೆ ಹೋಗುವುದೊಂದು, ಮನೆಯ ಚಿತ್ರದ್ದೊಂದು, ಸದ್ದಿನದು ಎರಡು. ನನಗೆ ಆಗಲೇ ಮನಸ್ಸಿಗೆ ಬಂದಿತ್ತು. ಇದಕ್ಕಿಂತ ಕಡಿಮೆ ಗುಂಡಿಗಳಿರುವುದು ಬಾಗಿಲಿನ ಕರೆಗಂಟೆ ಮಾತ್ರ.

ಅದೂ ಎದ್ದಿತು. ಹೆಚ್ಚಲ್ಲ, ನಾಲ್ಕು ಬೆರಳಿನಷ್ಟು.

ಷಟರಿನ ಒಳಗೆ ಅತ್ತೆ ರಿಮೋಟು ಹಿಡಿದು ನಿಂತಿದ್ದರು. ಅವರ ಭುಜ ಸ್ವಲ್ಪ ಇಳಿದಿತ್ತು. ಅದನ್ನು ನಾನು ಹಿಂದೆ ನೋಡಿರಲಿಲ್ಲ. “ಶಾಂಭವಿ,” ಎಂದು ಕರೆದರು, ತಿರುಗದೆ. “ಮೊದಲನೇದು ಹೇಳು. ನಮ್ಮ ಹಳೇ ಟಿವಿ ಹಾಕಿದ ತಕ್ಷಣ ಯಾರೋ ಮಾತಾಡ್ತಾ ಇರ್ತಿದ್ರು. ಇದ್ರಲ್ಲಿ ಯಾಕೆ ಎಲ್ಲಾರೂ ಸುಮ್ನೆ ಕೂತಿರ್ತಾರೆ?”

ನಾನು ಹದಿನಾಲ್ಕು ಹಂತ ಬರೆದಿದ್ದೆ, ಇದನ್ನು ಬರೆದಿರಲಿಲ್ಲ. ಇದು ಯಾರಿಗಾದರೂ ಹೇಳಬೇಕಾದ ಸಂಗತಿಯೆಂದೇ ತೋರಿರಲಿಲ್ಲ. “ಅದು ತಾನಾಗಿ ಬರಲ್ಲ ಅತ್ತೆ,” ಎಂದೆ. “ಅಲ್ಲಿಂದ ಯಾರೂ ಕಳಿಸ್ತಾ ಇರಲ್ಲ. ನಾವು ಕರೆದ್ರೆ ಮಾತ್ರ ಎದ್ದು ಬರುತ್ತೆ.”

“ಕರೆಯೋದು ಹ್ಯಾಗೆ?”

“ಬೇಕಾದ ಚಿತ್ರದ ಹತ್ರ ಹೋಗಿ, ನಡುವಿನ ಗುಂಡಿ ಒತ್ತಬೇಕು.”

ಅತ್ತೆ ಪರದೆಯ ಹತ್ತಿರಕ್ಕೆ ಹೋದರು. ಅಲ್ಲಿ ಒಂದು ಸಾಲಿನಲ್ಲಿ ಚೌಕಗಳು, ಒಂದರ ಸುತ್ತ ಬಿಳಿಯ ಗೆರೆ. ಬಳೆಯ ಬಲಭಾಗ ಒತ್ತಿದರು. ಗೆರೆ ಪಕ್ಕದ ಚೌಕಕ್ಕೆ ಹೋಯಿತು. ಮತ್ತೆ ಒತ್ತಿದರು. ಮತ್ತೆ ಹೋಯಿತು. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಮೇಲೆ ನಗಲು ಶುರುಮಾಡಿದರು.

“ಲೇ ಖಲಂದರ. ಇದ್ನ ಯಾಕೋ ಮೊದಲೇ ಹೇಳಲಿಲ್ಲ? ಇವರೆಲ್ಲ ಚೌಕದಲ್ಲಿ ಕೂತಿದ್ದಾರೆ. ಈ ಬಿಳೀ ಗೆರೆ ಓಡ್ತಾ ಇರೋಳು. ಬೆನ್ನ ಹಿಂದೆ ನಿಂತು ನಡುವಿನ ಗುಂಡಿ ಒತ್ತಿದ್ರೆ ಖೋ. ಖೋ ಕೊಡೋ ತನಕ ಯಾವಳೂ ಏಳಲ್ಲ. ಏಳಬಾರದು.”

ಟಿವಿ ಬೆಂಚಿನ ಮೇಲೆ ಕೂತಿತು. ಷಟರಿನ ಕೆಳಗಿನಿಂದಲೂ ಅದರ ಸದ್ದು ಕೇಳಿಸಿತು, ಅಕ್ಕಿಮೂಟೆ ಇಳಿಸಿದಂತೆ.

“ಆದ್ರೆ ಇವರು ಎಷ್ಟು ಜನ? ಹದಿನೇಳು,” ಎಂದು ಅತ್ತೆ ಎಣಿಸಿದರು. “ಹದಿನೇಳು ಜನಾನ ಕೂರಿಸೋದು ಯಾವ ಊರಿನ ರೂಲ್ಸು? ಎಂಟು ಸಾಕು.”

ಖಲಂದರ ಒಳಗೆ ಬಂದು ಒಂಬತ್ತು ಚೌಕಗಳನ್ನು ತೆಗೆದುಹಾಕಿದ. ಪಂದ್ಯ ಬರುವ ಚೌಕವನ್ನು ಅತ್ತೆ ಹೇಳಿದಂತೆ ನಾಲ್ಕನೆಯ ಜಾಗದಲ್ಲಿ ಕೂರಿಸಿದ. ಚೌಡಿ ಯಾವಾಗಲೂ ನಾಲ್ಕನೆಯ ಚೌಕದಲ್ಲಿ ಕೂರುತ್ತಿದ್ದಳಂತೆ. “ಹಿಂದಕ್ಕೆ ಹೋಗಬೇಕಾದ್ರೆ ಇದು ಮೇಡಂ,” ಎಂದು ಬಳೆಯ ಎಡಭಾಗ ತೋರಿಸಿದ.

“ಹಿಂದಕ್ಕಾ? ಒಂದು ಸಲ ಮುಖ ತಿರುಗಿಸಿ ಹೊರಟ ಮೇಲೆ ಹಿಂದಕ್ಕೆ ಬಂದ್ರೆ ಫೌಲು. ನಾನು ಕಂಬ ಸುತ್ತಿಕೊಂಡೇ ಬರ್ತೀನಿ.”

ಹಾಗೆಯೇ ಮಾಡಿದರು. ಕೊನೆಯ ಚೌಕದಿಂದ ಇನ್ನೊಮ್ಮೆ ಬಲಕ್ಕೆ ಒತ್ತಿದರೆ ಗೆರೆ ಮೊದಲ ಚೌಕಕ್ಕೆ ಬರುತ್ತಿತ್ತು. ಮೂರನೆಯದರ ಬದಲು ನಾಲ್ಕನೆಯದಕ್ಕೆ ಹೋದರೆ ಅತ್ತೆ ಎಡಕ್ಕೆ ಒಂದು ಸಲ ಒತ್ತುವುದನ್ನು ಬಿಟ್ಟು ಏಳು ಸಲ ಬಲಕ್ಕೆ ಒತ್ತಿ ಬರುತ್ತಿದ್ದರು. ಇದನ್ನು ನೋಡುತ್ತಾ ನನ್ನ ಕೈಬೆರಳು ತುರಿಸುತ್ತಿದ್ದವು.

ಮನೆಗೆ ತಂದಿಟ್ಟ ಮೇಲೂ ಟಿವಿ ಎರಡು ದಿನ ಅಲುಗಲಿಲ್ಲ. ನಾನು ಅಂಗಳಕ್ಕೆ ಹೋದೆ, ಬೀದಿಗೆ ಹೋದೆ, ನನ್ನ ಮನೆಗೆ ಹೋಗಿ ರಾತ್ರಿಯೆಲ್ಲ ಇದ್ದು ಬಂದೆ. ಅಲುಗಲಿಲ್ಲ. ಆದರೆ ನನಗೆ ನೆಮ್ಮದಿ ಬರಲಿಲ್ಲ. ಅತ್ತೆ ತಿಳಿದುಕೊಂಡಿರುವುದು ಸರಿಯಲ್ಲವಲ್ಲ. ಅಲ್ಲಿ ಚೌಕದಲ್ಲಿ ಯಾರೂ ಕೂತಿಲ್ಲ, ಕಂಬವಿಲ್ಲ, ಹಿಂದಕ್ಕೆ ಬಂದರೆ ಫೌಲೂ ಇಲ್ಲ. ತಪ್ಪು ತಿಳಿವಳಿಕೆ ಎಷ್ಟು ಹೊತ್ತು ತೂಕ ಹೊರುತ್ತದೆ? ಖೋ ಖೋದಲ್ಲಿ ಇಲ್ಲದ ಒಂದು ಸಂಗತಿ ಪರದೆಯ ಮೇಲೆ ಬಂದರೆ ಗತಿಯೇನು? ಶನಿವಾರ ಸಂಜೆ ತಡೆಯಲಾರದೆ ಬಾಯಿ ಬಿಟ್ಟೆ.

“ಅತ್ತೆ, ನಿಜವಾಗಿ ಅದು ಹಾಗಲ್ಲ. ಸರ್ವರ್ ಅಂತ ಒಂದಿರುತ್ತೆ. ಅಲ್ಲಿಂದ…”

“ಶಾಂಭವಿ.” ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು, ತಲೆಯೆತ್ತಲಿಲ್ಲ. “ನೀನು ಎಂಟನೇ ಕ್ಲಾಸಲ್ಲಿ ಚೌಕದಲ್ಲಿ ಕೂತಾಗ ಏನ್ ಮಾಡ್ತಿದ್ದೆ ನೆನಪಿದ್ಯಾ?”

ನೆನಪಿತ್ತು. ಬೆನ್ನಿಗೆ ಯಾವಾಗ ಕೈ ಬೀಳುತ್ತದೋ ಎಂದು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಕೈ ಬಿದ್ದಾಗ ಕಿರುಚುತ್ತಿದ್ದೆ, ಏಳುತ್ತಿರಲಿಲ್ಲ.

“ರೂಲ್ಸೆಲ್ಲ ನಿಂಗೇ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಓದಿದ್ದೆ. ಆಟ ಆಡಿದ್ದು ಮಾತ್ರ ಬೇರೆಯವರು. ಸರ್ವರು ಗಿರ್ವರು ನೀನಿಟ್ಕೋ. ನಂಗೆ ಇಷ್ಟು ಸಾಕು.”

ನಾನು ಸೋಸಿದ ಹುರುಳಿಕಾಯಿಯನ್ನು ಒಳಗಿಟ್ಟು ಬಂದೆ. ಬರುವಾಗ ಟಿವಿಯ ಕೆಳಗೆ ಒಂದು ಕಾಗದ ತೂರಿಸಿ ನೋಡಿದೆ. ಹೋಗಲಿಲ್ಲ. ಗಟ್ಟಿಯಾಗಿಯೇ ಕೂತಿತ್ತು.

ಭಾನುವಾರ ಪರೀಕ್ಷೆ ನಡೆದದ್ದು ನಮ್ಮೂರಿನ ಪದ್ಧತಿಯಂತೆ. ಪ್ರತಿಯೊಬ್ಬರಿಗೂ ಪ್ರಶ್ನೆಪತ್ರಿಕೆಯ ಜೊತೆ ಒಂದು ಬೆಣಚುಕಲ್ಲು. ಪರೀಕ್ಷೆಯಲ್ಲಿ ಪಕ್ಕದವರ ತಿಳಿವಳಿಕೆ ಲೆಕ್ಕಕ್ಕೆ ಬರುವುದಿಲ್ಲ. ಕಲ್ಲಿಟ್ಟರೂ ಎರಡನೆಯ ಗಂಟೆಯ ಹೊತ್ತಿಗೆ ಹಿಂದಿನ ಬೆಂಚಿನವರ ಪತ್ರಿಕೆಗಳು ಗಾಳಿಪಟದ ಹಾಗೆ ಒಂದೊಂದಾಗಿ ಮೇಲೇರಿದವು. ಕೋಲಿನಿಂದ ಇಳಿಸಿ ಕೊಡುವುದೇ ನನ್ನ ಕೆಲಸ. ನಾಲ್ಕು ಗಂಟೆಗೆ ಗಡಿಯಾರ ನೋಡಿದೆ. ನಾಲ್ಕೂ ಐದಕ್ಕೆ ನೋಡಿದೆ. ಅಲ್ಲಿ ಈಗ ನಾಲ್ಕನೆಯ ಚೌಕಕ್ಕೆ ಖೋ ಸಿಕ್ಕಿರಬೇಕು. ಇಲ್ಲವೇ ಟಿವಿ ಸೂರಿಗೆ ಅಂಟಿರಬೇಕು, ಅತ್ತೆ ಸ್ಟೂಲಿನ ಮೇಲೆ ಹತ್ತಿ ಕೈ ಚಾಚುತ್ತಿರಬೇಕು. ಅರವತ್ತೊಂಬತ್ತು ವರ್ಷದವರು. ಆ ಸ್ಟೂಲಿಗೆ ಒಂದು ಕಾಲು ಗಿಡ್ಡ. ನನ್ನ ಕೋಲು ಮೂರು ಸಲ ಗುರಿ ತಪ್ಪಿದ್ದನ್ನು ಕಂಡು ಒಬ್ಬ ಹುಡುಗಿ, “ಮೇಡಂ, ನನ್ನದು ಮೇಲೇ ಇರಲಿ ಬಿಡಿ, ಹೇಗೂ ಬರೆಯಲ್ಲ,” ಎಂದು ಸಮಾಧಾನ ಹೇಳಿದಳು.

ನಾಲ್ಕೂವರೆಗೆ ಗಂಟೆ ಹೊಡೆಯಿತು. ಉತ್ತರಪತ್ರಿಕೆ ಕಟ್ಟಿ ಕೊಟ್ಟು ಓಡಿದೆ. ಓಡಿದೆ ಎಂದೇ ಬರೆಯಬೇಕು. ಶಾಲೆಯ ಮೈದಾನವನ್ನು ಅಡ್ಡಕ್ಕೆ ದಾಟಿದೆ, ಚಪ್ಪಲಿ ಕೈಯಲ್ಲಿ ಹಿಡಿದು.

ಅತ್ತೆಯ ಮನೆಯ ಬಾಗಿಲಿಗೆ ಕೈಯಿಟ್ಟವಳು ಅಲ್ಲೇ ನಿಂತೆ. ನಾನು ಒಳಗೆ ಹೋದರೆ ಎಲ್ಲವೂ ಸರಿಯಾಗುತ್ತದೆ, ಎದ್ದಿದ್ದರೆ ಇಳಿಯುತ್ತದೆ. ಆದರೆ ಆಮೇಲೆ ಆ ಪಂದ್ಯವನ್ನು ನೋಡಿದ್ದು ನನ್ನ ತಲೆಯ ಬಲದಿಂದ ಎಂದಾಗುತ್ತದೆ. ಅತ್ತೆ ಅದನ್ನು ಬೇಡವೆಂದಿದ್ದರು. ನಾನು ಗೋಡೆ ಸುತ್ತಿಕೊಂಡು ದಾಸವಾಳದ ಗಿಡದ ಹಿಂದಿನ ಕಿಟಕಿಗೆ ಹೋದೆ.

ಟಿವಿ ಸ್ಟೂಲಿನ ಮೇಲಿತ್ತು. ಪರದೆಯಲ್ಲಿ ಕೆಂಪು ಮಣ್ಣಿನ ಬಣ್ಣದ ಅಂಕಣ, ಸಾಲಾಗಿ ಕೂತ ಹುಡುಗಿಯರು, ಮೂಲೆಯಲ್ಲಿ ಓಡುವ ಅಂಕಿ. ಕೊನೆಯ ಸರದಿ, ಅಟ್ಟುತ್ತಿರುವುದು ನಮ್ಮವರು, ಗೆಲ್ಲಲು ಇನ್ನಿಬ್ಬರನ್ನು ಮುಟ್ಟಬೇಕು, ಉಳಿದದ್ದು ಒಂದೂವರೆ ನಿಮಿಷ. ಅತ್ತೆ ಕುರ್ಚಿಯಲ್ಲಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಯ ನಡುವೆ, ಮೊಣಕಾಲು ಮಡಿಸಿ, ಒಂದು ಕೈ ನೆಲಕ್ಕೂರಿ ಕೂತಿದ್ದರು. ಚೌಕದಲ್ಲಿ ಕೂರುವ ಹಾಗೆ.

“ಎಡಕ್ಕೆ ಬೇಡ, ಎಡಕ್ಕೆ ಬೇಡ, ಅವಳು ಮೋಸಗಾತಿ,” ಎನ್ನುತ್ತಿದ್ದರು.

ಆಗ ಪರದೆ ಕಪ್ಪಾಯಿತು. ಆಟ ಹೋಗಿ ಒಂದು ಪ್ರಶ್ನೆ ಬಂದಿತು: ನೀವು ಇನ್ನೂ ನೋಡುತ್ತಿದ್ದೀರಾ? ಕೆಳಗೆ ಎರಡು ಚೌಕಗಳು.

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕರಲ್ಲೂ ಇರಲಿಲ್ಲ. ಅತ್ತೆ ಎದ್ದು ನಿಂತರು. ಟಿವಿಯೂ ಎದ್ದಿತು. ಎರಡು ಬೆರಳು, ನಾಲ್ಕು ಬೆರಳು, ಒಂದು ಗೇಣು. ಬೆನ್ನಿನ ವೈರು ಬಿಗಿಯತೊಡಗಿತು. ಅದು ಕಿತ್ತುಬಂದರೆ ಮುಗಿಯಿತು, ಮತ್ತೆ ಮೊದಲಿನಿಂದ ಎಲ್ಲ ಹಾಕುವ ಹೊತ್ತಿಗೆ ಚೌಡಿಯ ಆಟ ಮುಗಿದಿರುತ್ತದೆ. ಕಿಟಕಿಯ ಸರಳು ಬಿಟ್ಟು ಬಾಗಿಲ ಕಡೆ ನೋಡಿದೆ. ಬಾಗಿಲಿಗೆ ಹನ್ನೆರಡು ಹೆಜ್ಜೆ. ‘ನಡುವಿನ ಗುಂಡಿ ಅತ್ತೆ’ ಎಂದು ಒಂದು ಮಾತು ಕೂಗಿದರೂ ಸಾಕು. ನಾನು ನಾಲಿಗೆ ಕಚ್ಚಿಕೊಂಡು ಕಣ್ಣು ಮುಚ್ಚಿದೆ. ಮತ್ತೆ ತೆರೆದೆ.

ಅತ್ತೆ ತಲೆಯೆತ್ತಿ ಪ್ರಶ್ನೆಯನ್ನು ಎರಡು ಸಲ ಓದಿದರು. “ಯಾರಪ್ಪಾ ನೀನು ಮಧ್ಯದಲ್ಲಿ?” ಎಂದರು. ತಲೆ ಓರೆ ಮಾಡಿದರು. “ಓ, ಅಂಪೈರಾ. ಆಡ್ತಾ ಇದ್ದೀಯೋ ಕೂತ್ಬಿಟ್ಯೋ ಅಂತ ಕೇಳ್ತಿದ್ದೀಯ. ಕೇಳಬೇಕಾದ್ದೇ. ಎದುರಾಳಿ ನಿದ್ದೆ ಹೋದ್ರೆ ಆಟ ಮುಂದುವರಿಸಬಾರದು.” ರಿಮೋಟನ್ನು ಮುಂದೆ ಚಾಚಿ, ಬಾಯಿಬಿಟ್ಟು, ಮೈದಾನಕ್ಕೆ ಕೇಳುವಷ್ಟು ಜೋರಾಗಿ “ಖೋ” ಎಂದು ನಡುವಿನ ಗುಂಡಿ ಒತ್ತಿದರು.

ಟಿವಿ ದಡ್ ಎಂದು ಸ್ಟೂಲಿನ ಮೇಲೆ ಕೂತಿತು. ಗಿಡ್ಡ ಕಾಲು ಕೂಡ ಅಲುಗಲಿಲ್ಲ. ಪರದೆಯಲ್ಲಿ ಆಟ ಬಂದಿತು.

ಅಷ್ಟರಲ್ಲಿ ಒಬ್ಬಳನ್ನು ಮುಟ್ಟಿಯಾಗಿತ್ತು. ಇನ್ನೊಬ್ಬಳು ಬೇಕು, ಇಪ್ಪತ್ತು ಸೆಕೆಂಡು. ನಾಲ್ಕನೆಯ ಚೌಕದಿಂದ ಚೌಡಿ ಎದ್ದಳು. ಬಲ ಮೊಣಕಾಲಿಗೆ ಬಿಳಿಯ ಪಟ್ಟಿ ಬಿಗಿದಿದ್ದಳು. ಎದುರಾಳಿ ಕಂಬದ ಕಡೆಗೆ ಹಾರಿದಳು, ಅಲ್ಲಿಂದ ಆಚೆ ಬದಿಗೆ ತಪ್ಪಿಸಿಕೊಳ್ಳುವುದು ಅವಳ ಲೆಕ್ಕ. ಚೌಡಿ ಎಡಗೈಯಲ್ಲಿ ಕಂಬ ಹಿಡಿದು, ಕಾಲೆರಡನ್ನೂ ನೆಲದಿಂದ ಬಿಟ್ಟು, ಮೈಯನ್ನು ಗೆರೆ ಎಳೆದಂತೆ ಅಡ್ಡಕ್ಕೆ ಚಾಚಿದಳು. ಬಲಗೈಯ ನಡುಬೆರಳ ತುದಿ ಆ ಹುಡುಗಿಯ ಹಿಮ್ಮಡಿಗೆ ತಾಗಿತು. ಸೀಟಿ ಮೊಳಗಿತು.

ಅತ್ತೆ ಕೂಗಲಿಲ್ಲ, ಚಪ್ಪಾಳೆ ಹೊಡೆಯಲಿಲ್ಲ. ಪಡಸಾಲೆಯ ಮರದ ಕಂಬದ ಕಡೆಗೆ ಮೂರು ಹೆಜ್ಜೆ ಓಡಿ, ಎಡಗೈಯಲ್ಲಿ ಅದನ್ನು ಹಿಡಿದು, ಮೈಯನ್ನು ಚಾಚಿದರು. ಬಿದ್ದೇಬಿಟ್ಟರು ಎಂದುಕೊಂಡೆ. ಬೀಳಲಿಲ್ಲ. ನೆಲದಿಂದ ಬಿಟ್ಟ ಪಾದಗಳು ನೆಲಕ್ಕೆ ಮರಳಲಿಲ್ಲ. ಅತ್ತೆ ಕಂಬ ಹಿಡಿದುಕೊಂಡೇ ಬಾವುಟದ ಹಾಗೆ ಅಡ್ಡಕ್ಕೆ ನಿಂತರು, ಹಸಿರು ಸೀರೆಯ ನೆರಿಗೆ ಕೆಳಗೆ ಇಳಿಬಿದ್ದು. ಒಂದು ಸುತ್ತು ತಿರುಗಿದರು. ಆಮೇಲೆ ಕಂಬವನ್ನೂ ಬಿಟ್ಟರು.

ಗ್ರೈಂಡರು ಏಳುವುದನ್ನು ನೋಡಿದ್ದೇನೆ, ಗಣಿತದ ಪುಸ್ತಕಗಳನ್ನು ನೋಡಿದ್ದೇನೆ, ಒಮ್ಮೆ ಒಂದು ಬುಲೆಟ್ ಬೈಕು ಮದುವೆ ಛತ್ರದ ಮೇಲೆ ತೇಲುವುದನ್ನು ಊರೆಲ್ಲ ನಿಂತು ನೋಡಿದ್ದೇವೆ. ಮನುಷ್ಯರು ಎದ್ದದ್ದನ್ನು ನಾನು ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ. ಎಲ್ಲವನ್ನೂ ತಿಳಿದು ನೆಲಕ್ಕೆ ಕೂರಿಸಿದ್ದ ಸರ್ವಮಂಗಳತ್ತೆ ಸೂರಿನ ಹತ್ತಿರ ತೊಲೆಗಳ ನಡುವೆ ಮಲಗಿದಂತೆ ತೇಲುತ್ತಾ, ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ತಮಗೇ ಏನೆಂದು ತಿಳಿಯದವರ ನಗು. ಕೆಳಗೆ ಟಿವಿ ಮಾತ್ರ ಕಲ್ಲಿನ ಹಾಗೆ ಕೂತು, ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದ ಹುಡುಗಿಯರನ್ನು ತೋರಿಸುತ್ತಿತ್ತು.

ನನಗೆ ಹೆದರಿಕೆಯಾಗಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅದೇ ಆಶ್ಚರ್ಯ.

ಎಷ್ಟು ಹೊತ್ತು ಕಳೆಯಿತೋ. ಅತ್ತೆಯ ನಗು ನಿಂತಂತೆ ಅವರೂ ಇಳಿದರು, ಮೊದಲು ಹಿಮ್ಮಡಿ, ಆಮೇಲೆ ಪೂರ್ತಿ ಪಾದ. ಸೊಂಟದಿಂದ ಸೆರಗು ತೆಗೆದು ಸರಿಯಾಗಿ ಹೊದ್ದರು. ಬಾಗಿಲ ಕಡೆಗೊಮ್ಮೆ, ಕಿಟಕಿಯ ಕಡೆಗೊಮ್ಮೆ ನೋಡಿದರು. ನಾನು ದಾಸವಾಳದ ಕೆಳಗೆ ಕುಕ್ಕರಿಸಿದೆ. ನೂರರವರೆಗೆ ಎಣಿಸಿ, ಚಪ್ಪಲಿ ಮೆಟ್ಟಿಕೊಂಡು, ಮುಂಬಾಗಿಲಿಗೆ ಹೋಗಿ ತಟ್ಟಿದೆ.

“ಈಗ ಬಂದ್ಯಾ?” ಎಂದರು ಅತ್ತೆ. ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಬುಟ್ಟಿಯಲ್ಲಿ ಮುರಿದದ್ದು ನಾಲ್ಕೇ ಇದ್ದವು.

“ಈಗ ಬಂದೆ. ಏನಾಯ್ತು ಅತ್ತೆ?”

“ಏನಾಗುತ್ತೆ, ಗೆದ್ವಿ. ಕಂಬದಲ್ಲೇ ಹಿಡಿದ್ಲು. ಎಡಗೈ ಒಂದು ಸ್ವಲ್ಪ ಮೇಲೆ ಹಿಡಿದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಫೋನ್ ಮಾಡಿದಾಗ ಹೇಳ್ತೀನಿ.”

“ಟಿವಿ ಏನಾದ್ರೂ…”

“ಟಿವಿ ಯಾಕೆ ಏಳುತ್ತೆ? ನಿನ್ನ ಹಾಗೆ ಅದಕ್ಕೂ ಗಾಬರಿನಾ? ಕೂತ್ಕೊಂಡು ನೋಡಿದೆ, ಮುಗೀತು. ಬಿಸಿನೀರಿಟ್ಟಿದ್ದೀನಿ, ಕಾಲಿಗೆಲ್ಲ ಮಣ್ಣು ಮಾಡ್ಕೊಂಡು ಬಂದಿದ್ದೀಯ, ತೊಳ್ಕೋ.”

ಬಚ್ಚಲಿಗೆ ಹೋಗಲು ಅವರ ಕುರ್ಚಿಯ ಹಿಂದೆ ಹಾಯ್ದಾಗ ನೋಡಿದೆ. ಅತ್ತೆಯ ನೆತ್ತಿಯ ಮೇಲೆ, ಬೈತಲೆಯ ಉದ್ದಕ್ಕೂ, ಚಾವಣಿಯ ಸುಣ್ಣ ಬೆಳ್ಳಗೆ ಅಂಟಿತ್ತು. ಮೂಲೆಮನೆಯ ಸುಭದ್ರಮ್ಮ ಸಂಜೆ ಮೊಸರಿಗೆ ಹೆಪ್ಪು ಕೇಳಲು ಬರುತ್ತಾರೆ. ಅವರ ಕಣ್ಣಿಗೆ ಬಿದ್ದರೆ ರಾತ್ರಿಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

“ಧೂಳು ಕೂತಿದೆ ಅತ್ತೆ,” ಎಂದು ನನ್ನ ಸೆರಗಿನ ತುದಿಯಿಂದ ಒರೆಸಿದೆ. ಅತ್ತೆಯ ಕೈ ಹುರುಳಿಕಾಯಿಯ ಮೇಲೆ ಒಂದು ಕ್ಷಣ ನಿಂತಿತು. ಅವರು ತಿರುಗಲಿಲ್ಲ. ಪೂರ್ತಿ ಹೋಗುವವರೆಗೆ ನಿಧಾನವಾಗಿ ಒರೆಸುತ್ತಾ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದೆ. ಖಲಂದರನಿಗಲ್ಲ, ಚೌಡಿಗಲ್ಲ, ಅತ್ತೆಗೂ ಅಲ್ಲ.